ಮನಿ ಖಾಲಿ ಐತಿ, ನಾಯಿಗಲ್ಲ

ಮನಿ ಕಟ್ಟಿ ನೋಡು, ಮದುವಿ ಮಾಡಿ ನೋಡು ಅಂದ ಪುಣ್ಯಾತ್ಮ ಭಾಳ ಸುಖದಾಗ ಇದ್ದ ಅಂತ ಕಾಣಸ್ತೈತಿ. ನಾಯಿ ಕಟಿಗೊಂಡು ಬಾಡಿಗಿ ಮನಿ ಹುಡುಕೋ ಹಣೆಬರಾ ಅವಗ ಬಂದಿದ್ರ ಗಾದಿನ ಬ್ಯಾರೆ ಇರ್ತಿತ್ತು. ನನಗಂತೂ ಈ ಕೆಲಸ ನೆಗಡಿ ಬಂದಂಗ ಬರ್ತೈತಿ. ಒಮ್ಮೆ ಹೋತು ಅನ್ನೋದ್ರಾಗ ಮತ್ತ ಬಂದಿರ್ತೈತಿ.

ನಾನೊಬ್ಬ ಸರಕಾರಿ ಗುಮಾಸ್ತ. ತೆಲಂಗಾಣ ಬಂದ ದಿನ ಗದ್ವಾಲದ ನಮ್ಮ ಆಫೀಸಿನ್ಯಾಗ ಪೇಡೆ ಹಂಚಿದ್ರು. ನಾನೂ ತಿಂದೆ. ಮುಂದ ಜಿಲ್ಲಾ ಹಂಚಿದ್ರು. ಅದಕ್ಕೂ ಚಪ್ಪಾಳಿ ಹೊಡದೆ. ಆಮ್ಯಾಲ ನೋಡಿದ್ರ ಹಂಚಾಕ ಉಳದವ್ರು ನಾವ. ಗದ್ವಾಲಕ್ಕ ಹೊಸ ಜಿಲ್ಲಾದ ಬೋರ್ಡು ಏರಿದ್ದ ತಡ, ನನ್ನ ಹೆಸರು ಹಳೇ ಜಿಲ್ಲಾದ ಪಾಲಿಗೆ ಬಿತ್ತು. ಮಕ್ತಲಿಗೆ ನಡಿ ಅಂದ್ರು. ಮಕ್ತಲಿನ್ಯಾಗ ಹಾಲಿನವ ನೀರು ಕಡಿಮಿ ಬೆರಸೋವಷ್ಟು ಪರಿಚಯ ಆಗಿದ್ದ, ಅಷ್ಟ್ರಾಗ ನಾರಾಯಣಪೇಟಾನೂ ಜಿಲ್ಲಾ ಆತು. ಅಲ್ಲಿಗೆ ನಡಿ ಅಂದ್ರು. ಸರಕಾರ ಒಂದು ಗೀಟು ಎಳೀತು ಅಂದ್ರ ನಾನೊಂದು ಗಂಟು ಕಟ್ಟಬೇಕು.

ಮನ್ಯಾಗ ನಾವು ಮೂರು ಮಂದಿ. ನಾನು, ನನ್ನ ಹೆಂಡತಿ, ಮೋತಿ. ಮೋತಿ ಅಂದ್ರ ನಾಯಿ. ವಿಲಾಯತಿ ಗಿಲಾಯತಿ ಏನಲ್ಲ. ಗದ್ವಾಲದ ಕೋಟಿ ಗ್ವಾಡಿ ಬುಡಕ ಕುಂಯ್ ಕುಂಯ್ ಅನ್ನಾಕತ್ತಿದ್ದ ಮರೀನ ನನ್ನ ಹೆಂಡತಿ ಸೆರಗಿನ್ಯಾಗ ಸುತಿಗೊಂಡು ತಂದಿದ್ಲು. ಕಂದು ಬಣ್ಣ. ಒಂದು ಕಿವಿ ಡ್ಯೂಟಿ ಮ್ಯಾಲ ನಿಂತಿರ್ತೈತಿ, ಇನ್ನೊಂದು ಕಾಯಂ ರಜಾದಾಗ ಇರ್ತೈತಿ.

ಮೊದಲ ಸಲ ವರ್ಗಾ ಆದಾಗ ಆಫೀಸಿನ ಮಂದಿ ಎಲ್ಲಾ ಪುಕಟ ಸಲಹಾ ಕೊಟ್ರು. "ಮಲ್ದಕಲ್‌ದಾಗ ನಿಮ್ಮ ಮಾವನ ಹೊಲ ಐತಲ್ಲ, ಅಲ್ಲಿ ಬಿಟ್ಟು ಹೋಗ್ರಿ. ನಾಯಿ ಕಟಿಗೊಂಡವಗ ಯಾರು ಮನಿ ಕೊಡ್ತಾರ?" ಖರೇ ಅನ್ನಿಸ್ತು. ಮನಿಗೆ ಬಂದು ಹೇಳಿದೆ. ಹೆಂಡತಿ ರೊಟ್ಟಿ ಬಡಿಯೋದು ನಿಲ್ಲಿಸಿದ್ಲು.

"ನಿಮಗ ಆರ್ಡರ್ ಬಂತು, ನಾ ಊರು ಬಿಟ್ಟೆ. ಬಾಜೂ ಮನಿ ಗೆಳತೀನ ಬಿಟ್ಟೆ. ನೀರು ಹಾಕಿ ಬೆಳಸಿದ ಕರಿಬೇವು ಬಿಟ್ಟೆ. ಇದೊಂದು ಬಿಡಂಗಿಲ್ಲ. ನೀವು ಆಫೀಸಿಗೆ ಹೋದ ಮ್ಯಾಲ ಗೊತ್ತಿಲ್ಲದ ಊರಾಗ ನಾ ಯಾರ ಜೋಡಿ ಮಾತಾಡ್ಲಿ? ಮೋತಿಗಿಲ್ಲದ ಮನಿಗೆ ನಾನೂ ಬರಂಗಿಲ್ಲ. ಮಲ್ದಕಲ್‌ದಾಗ ಬಿಡೋದಾದ್ರ ಇಬ್ಬರನ್ನೂ ಬಿಟ್ಟು ಹೋಗ್ರಿ."

ಆಕಿ ಕಣ್ಣಾಗ ನೀರಿತ್ತು. ಆಕಿ ಸುಮ್ಮ ಬೆದರಸೋ ಪೈಕಿ ಅಲ್ಲ, ಅಂದ್ರ ಅಂದಂಗ ಮಾಡ್ತಾಳ. ಅವತ್ತಿನಿಂದ ನಾನು ಊರೂರಾಗ ಮನಿ ಹುಡುಕಾಕತ್ತೆ, ನನಗಲ್ಲ, ನಾಯಿಗೆ.

೧. ನಾಲ್ಕು ನಾಯಿ ಇದ್ದ ಮನಿ

ಮಕ್ತಲಿನ್ಯಾಗ ಮೊದಲ ನೋಡಿದ ಮನಿ ಭಾಳ ಛಲೋ ಇತ್ತು. ಸೇದೋ ಬಾವಿ, ಅಂಗಳ, ಪಾರಿಜಾತದ ಗಿಡ. ಮಾಲಕರು ರಿಟೈರ್ ಆದ ಅಧಿಕಾರಿ, ಭಾಳ ಆಚಾರವಂತರು. ಪ್ರತಿ ಗುರುವಾರ ಕೃಷ್ಣಾದ ನಡುಗಡ್ಡಿಗೆ ಹೋಗಿ ದತ್ತನ ದರ್ಶನ ಮಾಡಿ ಬರೋರು. ಮಾತಿನ್ಯಾಗ ಸಕ್ಕರಿ. ನಮ್ಮನ್ನ ಕುಂದ್ರಿಸಿ, ಒಳಗ ಚಹಾ ಹೇಳಿ, ವಿಚಾರಣಾ ಸುರು ಮಾಡಿದ್ರು.

"ನಿಮ್ಮ ಮೂಲ ಊರು ಯಾವುದಂದ್ರಿ? ಮನಿದೇವರು ಯಾರು? ಮದುವಿ ಎಲ್ಲಿ ಆತು, ಅಡಗಿ ಯಾರು ಮಾಡಿದ್ರು? ಅಡಗಿಗೆ ಉಳ್ಳಾಗಡ್ಡಿ ಹಾಕ್ತೀರೇನು?"

ಜಾತಿ ಯಾವುದು ಅಂತ ಒಮ್ಮೆನೂ ಬಾಯಿ ಬಿಟ್ಟು ಕೇಳಲಿಲ್ಲ. ಸುಸಂಸ್ಕೃತರು. ಹಿಂಗ ಊರೆಲ್ಲಾ ಸುತ್ತಿ ಕಡೀಕೆ ನಾವು ಪಾಸ್ ಆದ್ವಿ ಅಂತ ಅವರ ಮುಖದ ಮ್ಯಾಲ ಗೊತ್ತಾತು. ಕಿಲಿಕೈ ಗೊಂಚಲ ತಗದ್ರು. ಬರೋಬ್ಬರಿ ಅದ ಹೊತ್ತಿಗೆ ಗೇಟಿನ ಹೊರಗ ಕಟ್ಟಿದ್ದ ಮೋತಿ ಒಂದು ಸೀನು ಸೀನ್ತು.

"ಏನದು?"

"ನಮ್ಮ ಮೋತಿರಿ," ಅಂದ್ಲು ಹೆಂಡತಿ.

ಕಿಲಿಕೈ ಗೊಂಚಲ ಮತ್ತ ಉಡಿದಾರಕ್ಕ ಹೋತು. "ಛೇ ಛೇ, ನಾಯಿ ಅಂದ್ರ ಮೈಲಿಗಿ ನೋಡ್ರಿ. ಹೊಸ್ತಲ ದಾಟಬಾರ್ದು. ನಾಯಿ ಇದ್ದ ಮನ್ಯಾಗ ದೇವರು ನಿಲ್ಲಂಗಿಲ್ಲ."

ಹೆಂಡತಿ ತಲಿ ಎತ್ತಿ ಗ್ವಾಡಿ ನೋಡಿದ್ಲು. ಆಳೆತ್ತರದ ದತ್ತಾತ್ರೇಯನ ಫೋಟೊ, ಘಮ್ಮ ಅನ್ನೋ ಮಲ್ಲಿಗಿ ಹಾರ, ದೇವರ ಕಾಲ ಬುಡಕ ನಾಲ್ಕು ನಾಯಿ. ನಾಲ್ಕರ ಹಣಿ ಮ್ಯಾಲೂ ಮುಂಜಾನಿ ಹಚ್ಚಿದ ಕುಂಕುಮ.

"ಇವು ನಾಲ್ಕು ಹೊಸ್ತಲ ದಾಟಿ ಗ್ವಾಡಿ ಏರಿ ಕುಂತಾವಲ್ಲರೀ?"

"ಅಯ್ಯೋ ತಾಯಿ, ಅವು ನಾಯಿ ಅಲ್ಲ! ನಾಲ್ಕು ವೇದ. ನಾಯಿ ರೂಪದಾಗ ದೇವರ ಹಿಂದ ಬಂದಾವ."

"ಹಂಗಾರ ನಮ್ಮದನ್ನೂ ಒಂದು ವೇದ ಅಂತ ತಿಳಕೋರಿ," ಅಂದ್ಲು ನನ್ನ ಹೆಂಡತಿ. "ಆ ನಾಲ್ಕನ್ನ ನೀವು ಓದಿಲ್ಲ, ಇದನ್ನ ನಾವು ಓದಿಲ್ಲ. ಲೆಕ್ಕ ಒಂದ."

ಒಳಗ ಹೇಳಿದ್ದ ಚಹಾ ಹೊರಗ ಬರಲೇ ಇಲ್ಲ.

೨. ಕರಾರು ಮುರದವ್ರು

ಕಡೀಕೆ ಮಕ್ತಲಿನ್ಯಾಗ ಶೇಂಗಾ ಅಡತಿ ವ್ಯಾಪಾರದ ಒಬ್ಬ ಸಾವ್ಕಾರ್ರು ತಮ್ಮ ಮನಿ ಹಿಂದಿನ ಭಾಗ ಕೊಟ್ರು. ಹಣಿ ತುಂಬ ಇಬತ್ತಿ, ಮಾತು ತುಂಬ ನೀತಿ. ಕರಾರು ಒಂದ ಒಂದು.

"ನಮ್ದು ಶುದ್ಧ ಶಾಕಾಹಾರಿ ಮನಿ. ನೀವು ತಿನ್ನಂಗಿಲ್ಲ ಅಂತೀರಿ, ಸಂತೋಷ. ನಾಯೀನೂ ತಿನ್ನಬಾರ್ದು. ತತ್ತಿ ಸಿಪ್ಪಿ ಸೈತ ಕಾಂಪೌಂಡಿನ್ಯಾಗ ಕಾಣಬಾರ್ದು. ಕರಾರು ಮುರದ್ರ ಅವತ್ತ ಖಾಲಿ."

"ಮೋತಿ ಜೋಳದ ರೊಟ್ಟಿ ಮಜ್ಜಿಗಿ ಬಿಟ್ರ ಬ್ಯಾರೆ ರುಚಿ ಕಂಡಿಲ್ಲರಿ," ಅಂದ್ಲು ಹೆಂಡತಿ. ಅದು ಖರೇನ. ನಮ್ಮ ಮನ್ಯಾಗ ಬೆಳದ ಅದಕ್ಕ ಬ್ಯಾರೆ ದಾರಿ ಇರಲಿಲ್ಲ.

ಸಾವ್ಕಾರ್ರು ನಂಬಲಿಲ್ಲ. ಊಟದ ಹೊತ್ತಿಗೆ ಕೋಲು ಹಿಡಕೊಂಡು ಬರೋರು, ಮೋತಿ ತಾಟಿನ್ಯಾಗ ರೊಟ್ಟಿ ತಿರುವಿ ಹಾಕಿ ನೋಡೋರು. "ಏನು ತಿಂತೀವೋ ಅದ ಆಗ್ತೀವಿ" ಅಂತ ನಾಯಿಗೆ ಉಪದೇಶ ಮಾಡೋರು. ಮೋತಿ ಅವರ ಮುಖಾನೂ ನೋಡ್ತಿರಲಿಲ್ಲ. ಅನ್ನ ಹಾಕೋಳ ಹೊರತು ಅದಕ್ಕ ಯಾರ ಪರವಾನೂ ಇಲ್ಲ.

ಆದ್ರ ಒಂದು ವಿಚಿತ್ರ. ವಾರಕ್ಕೊಮ್ಮೆ ಸಾವ್ಕಾರ್ರು ಹೈವೇ ಕಡೆ ಲಾರಿ ಲೋಡು ನೋಡಾಕ ಹೋಗೋರು. ಅಲ್ಲಿಂದ ಬಂದ್ರು ಅಂದ್ರ ಮೋತಿಗೆ ಹುಚ್ಚು ಪ್ರೀತಿ ಉಕ್ಕತಿತ್ತು. ಗೇಟಿನ ತನಕ ಓಡಿ, ಕಾಲಿಗೆ ಬಿದ್ದು, ಬಲಗೈ ಒಂದೊಂದ ಬೆರಳು ಹಿಡಿದು ನೆಕ್ಕೋದು. ಎಡಗೈ ಕೊಟ್ರ ಮುಟ್ಟತಿರಲಿಲ್ಲ.

ಸಾವ್ಕಾರ್ರು ಉಬ್ಬಿ ಹೋದ್ರು. ಬಂದವ್ರಿಗೆಲ್ಲಾ ತೋರಸಾಕತ್ತಿದ್ರು. "ನೋಡ್ರಿ, ಮೂಕ ಪ್ರಾಣಿ. ಸಾತ್ವಿಕರು ಯಾರು ಅಂತ ಬರೋಬ್ಬರಿ ಗುರುತು ಹಿಡಿತೈತಿ!" ನಾವೂ ಹೌದ್ರಿ ಹೌದ್ರಿ ಅಂದ್ವಿ. ಬಾಡಿಗಿ ಮನ್ಯಾಗ ಇರೋರು ಹೌದ್ರಿ ಅನ್ನಲೇಬೇಕು.

ಒಂದಿನ ಸಂಜಿ ಮುಂದ ಸಾವ್ಕಾರ್ರು ಹೈವೇದಿಂದ ಬಂದಾಗ ಅವರ ಮನಿಯಾಕಿ ಕಾಲಿಗೆ ನೀರು ಹಿಡಕೊಂಡು ಬಾಗಲದಾಗ ನಿಂತಿದ್ರು. ಮೋತಿಗೆ ಅವತ್ತ ಕೈ ನೆಕ್ಕಿ ಸಾಕಾಗಲಿಲ್ಲ. ಅಂಗಿ ಕಿಸೆದಾಗ ಮೂತಿ ಹಾಕಿ ಕರವಸ್ತ್ರ ಎಳದು, ಓಡಿಹೋಗಿ ಸಾವ್ಕಾರ್ತಿ ಪಾದದ ಮ್ಯಾಲ ಇಟ್ಟು, ಬಾಲಾ ಆಡಸ್ತಾ ಕುಂತ್ಕೊಂತು. ಆ ತಾಯಿ ಕರವಸ್ತ್ರ ಎತ್ತಿದ್ರು. ಮೂಸಿದ್ರು. ಅದರ ಗಂಟಿನ್ಯಾಗ ಒಂದು ಕೋಳಿ ಎಲುಬು, ನಾಳೆಗೂ ಚೀಪಬೇಕು ಅಂತ ಇಟಗೊಂಡಿದ್ರೋ ಏನೋ, ಪಟಕ್ಕನ ಕೆಳಗ ಬಿತ್ತು.

"ಇದನ್ನ ಯಾವ ಲಾರ್ಯಾಗ ಲೋಡು ಮಾಡ್ತಾರ?" ಅಂದ್ರು ಸಾವ್ಕಾರ್ತಿ.

ಸಾವ್ಕಾರ್ರು ಕೆಂಡ ಆಗಿ ನಮ್ಮ ಕಡೆ ತಿರುಗಿದ್ರು. "ಏನ್ರೀ ಗುಮಾಸ್ತರ, ಈ ನಾಯಿ ಇವತ್ತಿಂದ ಇವತ್ತ ಖಾಲಿ ಮಾಡಬೇಕು!"

"ಅದ್ಯಾಕ ಖಾಲಿ ಮಾಡ್ತೈತಿ? ಪಾಪ, ರೊಟ್ಟಿ ತಿಂದು ಬಿದ್ದೈತಿ. ಕರಾರು ಮುರದವ್ರು ಖಾಲಿ ಮಾಡ್ಲಿ," ಅಂತಂದು ಸಾವ್ಕಾರ್ತಿ ನೀರಿನ ತಂಬಿಗಿ ಸಮೇತ ಒಳಗ ಹೋಗಿ ಅಗಳಿ ಹಾಕ್ಕೊಂಡ್ರು.

ಆ ವಾರ ಸಾವ್ಕಾರ್ರ ವಸ್ತಿ ಅಡತಿ ಅಂಗಡ್ಯಾಗ, ಶೇಂಗಾ ಚೀಲದ ಮ್ಯಾಲ.

೩. ಮಂಚ ಹಿಡಕೊಂಡಾಂವ

ಅಲ್ಲಿ ಸುಖದಾಗ ಇದ್ವಿ. ಸಾವ್ಕಾರ್ತಿ ದಿನಾ ಮೋತಿಗೆ ತುಪ್ಪಾ ಹಚ್ಚಿದ ರೊಟ್ಟಿ ಕೊಡಾಕತ್ತಿದ್ರು. ಅಷ್ಟ್ರಾಗ ನಾರಾಯಣಪೇಟದ ಆರ್ಡರ್ ಬಂತು. ಸಾಮಾನಿಗೆ ಒಂದು ಸಣ್ಣ ಗಾಡಿ ಮಾಡಿದೆ. ಡ್ರೈವರ್ ಕೊತ್ತಪಲ್ಲಿ ಕಡೇಯವ, ಅರ್ಧ ತೆಲುಗು ಅರ್ಧ ಕನ್ನಡ. ಗಾಡಿ ಮುಂದ ನಿಂಬಿಹಣ್ಣು ಮೆಣಸಿನಕಾಯಿ ಕಟ್ಟಿದ್ದ. ಮೋತಿನ್ನ ನೋಡಿ ಎರಡೂ ಕೈ ಅಡ್ಡ ಹಿಡದ.

"ಕುಕ್ಕ ವದ್ದು ಸಾರ್! ನಾಯಿ ಹತ್ತಿದ ಗಾಡಿಗೆ ಬರ್ಕತ್ತಿಲ್ಲ."

"ಹಂಗಾರ ನಾನೂ ಹತ್ತಂಗಿಲ್ಲ," ಅಂದ್ಲು ಹೆಂಡತಿ. ಆಕಿ ಧ್ವನಿ ಕೇಳಿ ಡ್ರೈವರ್ ಬರ್ಕತ್ತಿನ ಮಾತು ಬಿಟ್ಟ.

ಮೊದಲ ನಾಯೀನ ಹಿಂದ ಸಾಮಾನಿನ ಮ್ಯಾಲ ಕಟ್ಟಿದ್ವಿ. ಊರು ದಾಟೋದ್ರಾಗ ಅದು ಎದುರಿಗೆ ಬಂದ ಎಮ್ಮಿ, ಬಸ್ಸು, ಪೊಲೀಸ್ ಎಲ್ಲರಿಗೂ ಬೊಗಳಿ ಗಾಡಿ ಮ್ಯಾಲ ಮಂಚ ಅದರೂ ಹಂಗ ಮಾಡ್ತು. ಕಡೀಕೆ ಡ್ರೈವರ್ ತಾನ ಇಳದು ಅದನ್ನ ಮುಂದ ಕುಂದ್ರಿಸ್ದ. ಕಿಡಕಿ ಸೀಟು ಮೋತಿಗೆ, ನಡುವ ಹೆಂಡತಿ. ಮೂರನೇದವಗ ಜಾಗಾ ಎಲ್ಲಿ? ನಾನು ಹಿಂದ ಹೋದೆ. ಒಂದು ಕಡೆ ರುಬ್ಬೋ ಗುಂಡು, ತೊಡಿ ಮ್ಯಾಲ ತುಳಸಿ ಕುಂಡಿ. ತಲಿ ಮ್ಯಾಲ ಮಂಚ ಬಂದಿತ್ತು, ಅದರ ಕಾಲು ಎರಡೂ ಕೈಯಾಗ ಹಿಡಕೊಂಡು ಕುಂತೆ.

ಅರ್ಧ ದಾರ್ಯಾಗ ಚಹಾದ ಅಂಗಡಿ ಮುಂದ ಗಾಡಿ ನಿಂತ್ತು. ಅಷ್ಟ್ರಾಗ ಡ್ರೈವರ್‌ನೂ ಮೋತೀನೂ ದೋಸ್ತರಾಗಿ ಬಿಟ್ಟಿದ್ರು. "ಮಂಚಿ ಕುಕ್ಕ ಮೇಡಂ, ಒಳ್ಳೇದೈತಿ," ಅಂತ ಅಂವ ಬಿಸ್ಕೀಟು ಕೊಡಿಸ್ದ. ಅಂಗಡಿಯವ ಮೋತಿ ತಲಿ ಸವರಿ ಬಿಸ್ಕೀಟು ತಿನಿಸ್ದ. ಹೆಂಡತಿಗೆ ಚಹಾ ಕೊಟ್ಟ. ಆಮ್ಯಾಲ ಮಂಚದ ಕಾಲಿನ ಸಂದಿನ್ಯಾಗ ನನ್ನ ಮುಖ ಕಂಡ.

"ಹಿಂದ ಒಬ್ಬಾಂವ ಕುಂತಾನ, ಅವಗೂ ಒಂದು ಚಹಾ ಕೊಡ್ಲೇನ್ರಿ?"

"ಮೇಡಂಗ ಕೇಳು," ಅಂದ ಡ್ರೈವರ್.

ಹೆಂಡತಿ ಮೋತಿ ಬಾಯಿ ಒರಸ್ತಾ ಅಂದ್ಲು, "ಬ್ಯಾಡಪ್ಪಾ. ಅವರು ಕೈ ಬಿಟ್ರ ಮಂಚ ಬೀಳ್ತೈತಿ."

೪. ನಮ್ಮನಿಯವ್ರಿಗೆ ನಾಯಿ ಆಗಂಗಿಲ್ಲ

ನಾರಾಯಣಪೇಟದ ಮನೀನ ನಾನು ಹಿಂದಿನ ಐತವಾರ ಒಬ್ಬನ ಬಂದು ನೋಡಿದ್ದೆ. ಮಾಲಕಿ ಒಬ್ಬಾಕಿ ಅಜ್ಜಿ, ಸೀರಿ ವ್ಯಾಪಾರ ಮಾಡ್ತಿದ್ದ ಶೆಟ್ಟರ ಹೆಂಡತಿ. ಅಂಗಳದ ಮುಂದಿನ ಸಣ್ಣ ಖೋಲ್ಯಾಗ ತಾನು ಇರ್ತಿದ್ಲು, ಹಿಂದಿನ ದೊಡ್ಡ ಮನಿ ಖಾಲಿ ಬಿದ್ದಿತ್ತು. ದಪ್ಪ ಗ್ವಾಡಿ, ತೊಲಿ ಹಾಕಿದ ಮಾಳಗಿ, ಹಿತ್ತಲ ಬಾಗಲ ತಗದ್ರ ಇನ್ನೊಂದು ಓಣಿ. ಮನಿ ತಂಪಾಗಿತ್ತು, ಸದ್ದು ಗದ್ದಲ ಏನಿಲ್ಲ. ಇಷ್ಟು ಛಲೋ ಮನಿಗೆ ಯಾಕ ಯಾರೂ ಬಂದಿಲ್ಲ ಅಂತ ನಾ ಕೇಳಲಿಲ್ಲ. ನಾಯಿ ಐತೇನು ಅಂತ ಅಜ್ಜಿ ಕೇಳಲಿಲ್ಲ. ಇಬ್ಬರೂ ಸಂತೋಷದಾಗ ಬಿಟ್ವಿ.

ಗಾಡಿ ಬಂದು ಮನಿ ಮುಂದ ನಿಂತಾಗ ಮಧ್ಯಾಹ್ನ. ರಾಹುಕಾಲ ಬರೋದ್ರಾಗ ಒಳಗ ಹಾಲು ಉಕ್ಕಿಸಬೇಕು ಅಂತ ಹೆಂಡತಿ ಗಡಿಬಿಡಿ. ನನಗ ಅದಕ್ಕಿಂತ ದೊಡ್ಡ ಗಡಿಬಿಡಿ, ಯಾಕಂದ್ರ ಡ್ಯೂಟಿಗೆ ಹಾಜರಾಗಾಕ ಅವತ್ತ ಕಡೀ ದಿನ. ಅಜ್ಜಿ ಕೀಲಿ ತಗದು, ಬಾಗಲ ದೂಡಿ, ನಗಕೋತ ತಿರುಗಿದ್ಲು. ಮೋತಿ ಗಾಡ್ಯಾಗಿಂದ ಇಳೀತು. ಅಜ್ಜಿ ನಗು ಹೋತು.

"ಅಯ್ಯ ಶಿವನ! ನಾಯಿ ಐತಿ ಅಂತ ಹೇಳಲಿಲ್ಲಲ್ಲೋ ತಮ್ಮಾ? ಆಗಂಗಿಲ್ಲಪ್ಪಾ. ನಮ್ಮನಿಯವ್ರಿಗೆ ನಾಯಿ ಆಗಂಗಿಲ್ಲ. ಓಣ್ಯಾಗ ನಾಯಿ ಕಂಡ್ರ ಬ್ಯಾರೆ ಓಣಿ ಹಿಡಿದು ಮನಿಗೆ ಬರೋರು."

"ಈಗ ಎಲ್ಲಿ ಅದಾರ್ರಿ ಅವರು?"

"ತೀರಕೊಂಡು ಭಾಳ ವರ್ಷ ಆತು."

"ಮತ್ತ ನಾಯಿಗೆ ಅಂಜೋರು ಯಾರ್ರೀ?"

"ಅವರ," ಅಂದ್ಲು ಅಜ್ಜಿ. ತೆರೆದ ಬಾಗಲದ ಕಡೆ ಗಲ್ಲ ಎತ್ತಿ ತೋರಿಸಿದ್ಲು. "ಒಳಗ ಅದಾರಲ್ಲ."

ಡ್ರೈವರ್ ಬಿಚ್ಚಾಕತ್ತಿದ್ದ ಹಗ್ಗ ಅಲ್ಲೇ ಬಿಟ್ಟ. ಓಣಿ ಹೆಣ್ಮಕ್ಕಳು ನೆರದ್ರು. ಒಬ್ಬೊಬ್ಬರೂ ಒಂದೊಂದು ಹೇಳಿದ್ರು. ಮಧ್ಯಾಹ್ನ ಆದ್ರ ಒಳಗ ನಗು ಕೇಳಸ್ತೈತಿ, ಕೆಮ್ಮು ಕೇಳಸ್ತೈತಿ, ಬೀಡಿ ವಾಸನಿ ಬರ್ತೈತಿ. ಬಂದ ಬಾಡಿಗಿಯವ್ರೆಲ್ಲಾ ಮನಿ ನೋಡಿ ಹೊಸ್ತಲದಿಂದ ಹಿಂದಕ್ಕ ಹೋಗ್ಯಾರ.

ಅಜ್ಜಿಗೆ ಮಾತ್ರ ಅಂಜಿಕಿ ಇಲ್ಲ. "ಪಾಪ, ಯಾರಿಗೂ ಏನೂ ಮಾಡಂಗಿಲ್ಲ ಅವರು. ಬೀಡಿ ಒಂದು ಬಿಡಲಿಲ್ಲ. ಅಮಾಸಿಗೆ ಹಿತ್ತಲ ಕಿಡಕ್ಯಾಗ ಕಟ್ಟು ಕಟ್ಟು ಬೀಡಿ ಇಡ್ತೀನಿ, ಮರುದಿನ ಒಂದೂ ಉಳಿಯಂಗಿಲ್ಲ. ನಾನೂ ಕಿಡಕಿ ಬಾಜೂ ಕುಂತು ಮನಿ ಮಾತು, ಮೈ ಕೈ ನೋವು ಎಲ್ಲಾ ಹೇಳ್ಕೋತೀನಿ. ಸುಮ್ಮ ಕೇಳ್ತಾರ. ಜೀವಂತ ಇದ್ದಾಗ ಅಷ್ಟು ಕೇಳ್ತಿರಲಿಲ್ಲ. ಐತವಾರ ಒಂದು ಬರಂಗಿಲ್ಲ. ಎರಡನೇ ಶನಿವಾರಾನೂ ಬರಂಗಿಲ್ಲ."

ನಾನು ಕೇಳಿಸಿಕೊಂಡೆ, ತಲಿಗೆ ಹೋಗಲಿಲ್ಲ. ಹೊಟ್ಟಿ ಹಸದಿತ್ತು.

ಅಷ್ಟ್ರಾಗ ಅಜ್ಜಿ ಅಕ್ಕನ ಮಗ ಓಣಿ ತುದಿಯಿಂದ ಏದುಸಿರು ಬಿಡ್ತಾ ಓಡಿ ಬಂದ. ಕೈಯಾಗ ಎಲಿ ಅಡಿಕಿ ಪೊಟ್ಟಣ, ಒಬ್ಬ ಮನಷ್ಯಾ ಒಂದ ಹೊತ್ತಿಗೆ ತಿನ್ನಾಕ ಆಗದಷ್ಟು. ಬಂದಾಂವನ ಬಾಗಲಕ್ಕ ಅಡ್ಡ ನಿಂತ.

"ಚಿಗವ್ವಾ, ನಾಯಿ ಒಳಗ ಬಿಡಬ್ಯಾಡ! ದೆವ್ವ ಇದ್ದ ಮನ್ಯಾಗ ನಾಯಿ ಕಾಲಿಟ್ರ ರಕ್ತ ಕಾರಿ ಸಾಯ್ತೈತಿ. ಈ ಮನಿ ಬಾಡಿಗಿಯವ್ರಿಗೆ ಆಗಿಬರಂಗಿಲ್ಲ ಅಂತ ನಾ ಬಡಕೊಂಡಿಲ್ಲೇನು? ಸುಮ್ಮ ನನ್ನ ಹೆಸರಿಗೆ ಮಾಡು. ಶಾಂತಿ ಗೀಂತಿ ನಾ ಮಾಡಿಸ್ಕೋತೀನಿ."

ರಕ್ತ ಕಾರಿ ಅಂದ ಮಾತಿಗೆ ನನ್ನ ಹೆಂಡತಿ ಮುಖ ಬಿಳಚಿ ಹೋತು. ಯಾರಿಗೂ ಜಗ್ಗದಾಕಿ, ಅಲ್ಲೇ ಮಣ್ಣಾಗ ಕುಂತು ಮೋತಿನ್ನ ಅಪ್ಪಿಗೊಂಡ್ಲು. "ಬ್ಯಾಡ್ರಿ. ನನಗ ಈ ಮನಿ ಬ್ಯಾಡ. ಗಾಡಿ ತಿರುಗಿಸ್ರಿ. ನಾವಿಬ್ಬರೂ ಮಲ್ದಕಲ್‌ಗ ಹೋಗ್ತೀವಿ. ನೀವು ನಿಮ್ಮ ಡ್ಯೂಟಿ ಮಾಡ್ಕೊಂಡಿರ್ರಿ."

ಕೃಷ್ಣಾದ ಆಚಿ ದಂಡಿಗೆ ಹೆಂಡತಿ, ಈಚಿ ದಂಡಿಗೆ ನಾನು, ನನ್ನ ಜೋಡಿ ಒಂದು ರುಬ್ಬೋ ಗುಂಡು. ಯಾರೋ ಎಲ್ಲೋ ಕುಂತು ಜಿಲ್ಲಾ ಹಂಚಿದ್ರ ನನ್ನ ಸಂಸಾರ ಯಾಕ ಹಂಚಿ ಹೋಗಬೇಕು ಅಂತ ಸಿಟ್ಟು ಬಂತು, ಅಳೂನೂ ಬಂತು. ಡ್ರೈವರ್ ಬಿಚ್ಚಿದ ಹಗ್ಗ ಮತ್ತ ಬಿಗಿಯಾಕತ್ತಿದ.

ಆಗ ಒಳಗಿಂದ ಗಾಳಿ ಬೀಸ್ತು. ಮೋತಿಯ ರಜಾದಾಗಿದ್ದ ಕಿವಿ ಎದ್ದು ನಿಂತ್ತು. ಮೂಗು ಎತ್ತಿ ಒಂದ ಸಲ ಮೂಸಿ, ಹೆಂಡತಿ ತೋಳಿಂದ ಜಾರಿ, ಅಕ್ಕನ ಮಗನ ಕಾಲಾಗ ಹಾದು ಒಳಗ ಹೋತು.

"ಅಯ್ಯಯ್ಯೋ!" ಅಂತ ಅಕ್ಕನ ಮಗ ತಲಿ ಮ್ಯಾಲ ಕೈ ಹೊತ್ಕೊಂಡ.

ಒಳಗ ಬೊಗಳಿದ ಸದ್ದು. ಅದರ ಹಿಂದ ಮನಷ್ಯಾರ ಧ್ವನಿ, "ಅಮ್ಮೋ, ಸಚ್ಚಿಪೋಯಾ, ಸತ್ತೆ!" ಆಮ್ಯಾಲ ಏನೋ ಧಡ್ಡಂತ ಬಿದ್ದದ್ದು. ಓಣಿ ಹೆಣ್ಮಕ್ಕಳು ಕೂಸು ಕುನ್ನಿ ಎತಿಗೊಂಡು ಓಡಿದ್ರು. ಡ್ರೈವರ್ ಗಾಡಿ ಒಳಗ ಕುಂತು ಕಿಡಕಿ ಏರಿಸಿದ. ಅಜ್ಜಿ ಒಬ್ಬಾಕಿ ಹೊಸ್ತಲದಾಗ ನಿಂತು, ಕೈ ಮುಗದು, ಒಳಗ ನೋಡಿ ಕೂಗಿದ್ಲು, "ಅಂಜಬ್ಯಾಡ್ರೀ! ಓಡಬ್ಯಾಡ್ರಿ, ಸುಮ್ಮ ನಿಂದ್ರರಿ! ಕಚ್ಚಂಗಿಲ್ಲಂತ ಅದು!"

"ಮೋತೀ!" ಅಂತ ಹೆಂಡತಿ ಚೀರಿ ಒಳಗ ನುಗ್ಗಿದ್ಲು. ಬಲಗಾಲು ಮುಂದೋ ಎಡಗಾಲು ಮುಂದೋ ನೋಡಲಿಲ್ಲ. ಕೈಯಾಗಿದ್ದ ತುಳಸಿ ಕುಂಡಿ ಸಮೇತ ನಾನು ಹಿಂದ ಓಡಿದೆ.

ನಡುಮನ್ಯಾಗ ಒಂದು ದೊಡ್ಡ ಚಾಪಿ. ಚಾಪಿ ತುಂಬ ಇಸ್ಪೀಟೆಲಿ, ಬೀಡಿ ತುಂಡು, ಬಿಸಿ ಬಿಸಿ ಮಿರ್ಚಿ ಭಜಿ, ಮಂಡಾಳ ಚುರಮುರಿ. ನಡುವ ಮೋತಿ ಕುಂತು ಮಿರ್ಚಿ ತಿನ್ನಾಕತ್ತಿತ್ತು. ಬಾಲಾ ಫ್ಯಾನಿನಂಗ ತಿರುಗತಿತ್ತು. ಒಬ್ಬಾಂವ ಜೋಳ ತುಂಬಿಡೋ ಹಳೇ ಗುಮ್ಮಿ ಮ್ಯಾಲ. ಇನ್ನೊಬ್ಬಾಂವ ಅರ್ಧ ಕಿಡಕಿ ಹೊರಗ, ಅರ್ಧ ಒಳಗ. ಮೂರನೇದವ ಸಫಾರಿ ಹಾಕಿದ ದಪ್ಪ ಆಸಾಮಿ, ಮಾಳಗಿ ತೊಲಿಗೆ ಜೋತು ಬಿದ್ದಿದ್ದ. ಬಾಯಾಗ ಬೀಡಿ ಇನ್ನೂ ಉರೀತಿತ್ತು.

"ಯಾರ ನಾಯಿರೀ ಇದು!" ಅಂದ ತೊಲಿ ಮ್ಯಾಲಿನವ.

"ನನ್ನದ್ರಿ."

"ನೀವು ಯಾರು?"

"ಮಕ್ತಲಿನಿಂದ ವರ್ಗಾ ಆಗಿ ಬಂದ ಗುಮಾಸ್ತರಿ. ಇವತ್ತ ಡ್ಯೂಟಿಗೆ ಹಾಜರಾಗಬೇಕ್ರಿ. ಇಲ್ಲಿ ಸಾಮಾನು ಇಳಿಸಿ ದೊಡ್ಡ ಸಾಹೇಬ್ರನ್ನ ಕಾಣಾಕ ಹೊಂಟಿದ್ದೆ."

ತೊಲಿ ಮ್ಯಾಲಿನವ ಬೀಡಿ ಬಾಯಾಗಿಂದ ತಗದ. "ನಾನ ದೊಡ್ಡ ಸಾಹೇಬ. ಹಾಜರಾದ್ರಿ, ಹಾಜರಾದ್ರಿ! ಮೊದಲ ನಾಯಿ ಹಿಡೀರಿ!"

ಐತವಾರ, ಎರಡನೇ ಶನಿವಾರ ರಜಾ ಹಿಡಿಯೋ ದೆವ್ವ ಯಾವ ಇಲಾಖಾದ್ದು ಅಂತ ನನಗ ಆಗ ತಿಳೀತು. ಇಷ್ಟು ವರ್ಷ ಸರಕಾರಿ ಅನ್ನ ತಿಂದು ಹೊರಗ ನಿಂತಾಗ ತಿಳೀಬೇಕಿತ್ತು.

ನಾ ಮೋತಿನ್ನ ಹಿಡಕೊಂಡೆ. ಸಾಹೇಬ್ರು ಇಳದು ಸಫಾರಿ ಜಾಡಿಸಿಗೊಂಡು ಆಫೀಸಿನ ಧ್ವನಿ ತಗದ್ರು. "ಹೊಸ ಜಿಲ್ಲಾ ನೋಡ್ರಿ, ಬಾಡಿಗಿ ಬಿಲ್ಡಿಂಗು, ಕುಂದ್ರಾಕ ಕುರ್ಚಿ ಸಾಲಂಗಿಲ್ಲ. ಅದಕ್ಕ ನಾವು ಕೆಲವರು ಫೀಲ್ಡ್ ಮ್ಯಾಲ ಇರ್ತೀವಿ."

ಅಷ್ಟ್ರಾಗ ಅಜ್ಜಿ ಒಳಗ ಬಂದ್ಲು. ಯಾರ ಮುಖಾನೂ ನೋಡಲಿಲ್ಲ. ಸಾಹೇಬ್ರ ಬೆರಳ ಸಂದಿನ್ಯಾಗಿನ ಬೀಡಿ ಕಸಗೊಂಡು ಅದರ ದಾರ ನೋಡಿದ್ಲು.

"ಇದು ನಾ ಇಟ್ಟ ಬೀಡಿ," ಅಂದ್ಲು. "ನಮ್ಮನಿಯವ್ರು ಸೇದ್ತಾರಂತ ಇಟ್ಟ ಬೀಡಿ. ಕಿಡಕಿ ಬಾಜೂ ಕುಂತು ನಾ ಹೇಳಿದ್ದೆಲ್ಲಾ ಕೇಳಿದವ್ರು ನೀವೇನು?"

ಸಾಹೇಬ್ರು ತಲಿ ತಗ್ಗಿಸಿದ್ರು. ಏನಾರ ಹೇಳಲೇಬೇಕಿತ್ತು. ಹೇಳಿದ್ರು.

"ಹೌದ್ರಿ ಅಮ್ಮಾ. ಮೊಣಕಾಲು ನೋವು ಈಗ ಹೆಂಗೈತ್ರಿ?"

ಅಜ್ಜಿ ಕಸಬರಿಗಿ ಹುಡುಕಿದ್ಲು. ಅದು ಸಿಗೋದ್ರಾಗ ಹೊಸ ಜಿಲ್ಲಾದ ಅಧಿಕಾರ ಎಲ್ಲಾ ಹಿತ್ತಲ ಬಾಗಲದಿಂದ ಆಚಿ ಓಣಿಗೆ ಬಿತ್ತು, ಕೆಲವು ಬರಿಗಾಲಿಲೆ. ಹಿತ್ತಲ ಕೀಲಿ ಅವರ ಕೈಗೆ ಕೊಟ್ಟಾಂವ ಯಾರು ಅಂತ ಅಜ್ಜಿ ಕೇಳಲಿಲ್ಲ. ಮುಂಬಾಗಲಕ್ಕ ಬಂದು ಅಕ್ಕನ ಮಗನ ಕೈಯಾಗಿನ ಎಲಿ ಅಡಿಕಿ ಪೊಟ್ಟಣ ನೋಡಿದ್ಲು. "ಶಾಂತಿ ಮಾಡಿಸ್ತೀನಿ ಅಂದ್ಯಲ್ಲೋ, ಬಾ, ಕುಂದ್ರು," ಅಂತ ಕಸಬರಿಗಿ ಎತ್ತಿದ್ಲು. ಅಂವ ಕುಂದ್ರಲಿಲ್ಲ.

ರಾಹುಕಾಲ ಬಂದು ಅರ್ಧ ಹೋಗಿತ್ತು. ಯಾರಿಗೆ ಬೇಕು? ಅಜ್ಜಿ ತನ್ನ ಹಿತ್ತಾಳಿ ಪಾತೇಲಿ ತಂದು ತಾನ ಒಲಿ ಹಚ್ಚಿದ್ಲು. ಹಾಲು ಕಾಯಾಕತ್ತಿತು. ಅಜ್ಜಿ ಸೆರಗಿನಿಂದ ಕಣ್ಣು ಒರಿಸಿಗೊಂಡ್ಲು. ನನ್ನ ಹೆಂಡತಿ ಮೋತಿ ಕೊಳ್ಳಪಟ್ಟಿ ಹಿಡಕೊಂಡು ಹೊಸ್ತಲದಾಗ ನಿಂತಿದ್ಲು. ಕೇಳಾಕ ಧೈರ್ಯ ಇಲ್ಲ, ಕೇಳದ ಇರಾಕೂ ಆಗವಲ್ದು.

"ಅಜ್ಜಿ, ನಾಯಿ..."

"ಇರ್ಲವ್ವಾ, ಒಳಗ ಕರಕೊಂಡು ಬಾ. ಅವರು ಇಲ್ಲಿಲ್ಲ ಅಂತ ಇವತ್ತ ಗೊತ್ತಾತು. ನಾಯಿಗೆ ಅಂಜೋರು ಇನ್ನ ಈ ಮನ್ಯಾಗ ಯಾರೂ ಇಲ್ಲ."

ಹೆಂಡತಿ ಅಜ್ಜಿ ಕಾಲಿಗೆ ಬಿದ್ಲು. ಹಾಲು ಉಕ್ಕಿ ಸುತ್ತ ಹರೀತು. ಅಜ್ಜಿ ಒಲಿ ಉರಿ ಹಿಂದಕ್ಕ ಎಳದು ನನ್ನ ಕಡೆ ತಿರುಗಿ, ಮ್ಯಾಲಿಂದ ಕೆಳಗಿನ ತನಕ ನೋಡಿದ್ಲು.

"ನಾಯಿದೇನೂ ತಕರಾರಿಲ್ಲವ್ವಾ. ಆದ್ರ ನಿನ್ನ ಗಂಡ ಅದ ಆಫೀಸಿನ್ಯಾಂವ ಅಲ್ಲೇನು? ಅವಗ ಜಾಮೀನು ಯಾರು?"

ನನ್ನ ಹೆಂಡತಿ ಒಂದು ಗಳಿಗಿನೂ ವಿಚಾರ ಮಾಡಲಿಲ್ಲ.

"ಮೋತಿ ಅದಾನಲ್ಲ ಅಜ್ಜಿ."

ಅಜ್ಜಿ ಮೋತಿ ಮುಖ ನೋಡಿದ್ಲು, ನನ್ನ ಮುಖ ನೋಡಿದ್ಲು, ಆತು ಅಂತ ತಲಿ ಹಾಕಿದ್ಲು. ಆ ಜಾಮೀನಿನ ಮ್ಯಾಲ ನಾನು ಹೊರಗ ಹೋಗಿ, ಬಲಗಾಲಿಟ್ಟು, ಮತ್ತ ಒಳಗ ಬಂದೆ.